ಉರಿಯದ ಬ್ಯಾರನ್ನಿನ ನಮ್ಮ ಮಾವ

ನಮ್ಮ ಮಾವ ನಲವತ್ತು ವರ್ಷಕ್ಕೂ ಮೇಲಿನಿಂದ ಒಬ್ಬ ರಾಷ್ಟ್ರನಾಯಕರಿಗೆ ಬಯ್ಯುತ್ತಲೇ ಇದ್ದಾನೆ. ಆ ನಾಯಕರಿಗೆ ಮಾತ್ರ ಈ ಸಂಗತಿ ಇನ್ನೂ ಗೊತ್ತಾಗಿಲ್ಲ!

ಮಾವ ಅಂದರೆ ನಮ್ಮವ್ವನ ಅಣ್ಣ. ಇರುವುದು ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಹುಣಸೂರಿನಲ್ಲಿ ಟೀಚರಾಗಿರುವ ನಾನು ತಿಂಗಳಿಗೊಮ್ಮೆ ಹೋಗಿ ನೋಡಿಕೊಂಡು ಬರುತ್ತೇನೆ. ನಾಯಕರ ಹೆಸರು ಇಲ್ಲಿ ಬೇಡ. ಬೇರೆ ಜಿಲ್ಲೆಯವರು, ದೆಹಲಿಯಲ್ಲಿ ಮಂತ್ರಿಯಾದವರು, ಟೀವಿಯಲ್ಲಿ ವಾರಕ್ಕೆ ನಾಲ್ಕು ದಿನ ಕಾಣುವವರು ಎಂದರೆ ಸಾಕು. ಅವರು ಪರದೆಯ ಮೇಲೆ ಬಾಯಿ ತೆರೆಯುವುದೇ ತಡ, ಮಾವ ಊಟದ ತಟ್ಟೆ ಪಕ್ಕಕ್ಕೆ ಸರಿಸಿ ವಿಚಾರಣೆ ಶುರು ಮಾಡುತ್ತಾನೆ.

“ಏನಯ್ಯಾ, ಅವತ್ತು ಏನಂದಿದ್ದೆ, ಇವತ್ತು ಏನಂತಿದ್ದೀಯೆ? ಅದೇ ನಾಲ್ಗೆನಾ, ಇಲ್ಲಾ ಡೆಲ್ಲೀಲಿ ಬೇರೆ ಕೊಟ್ರಾ?”

ನಾಯಕರು ಉತ್ತರ ಕೊಡುವುದಿಲ್ಲ. ಒಲೆಯ ಮುಂದಿನಿಂದ ಅತ್ತೆ ಕೊಡುತ್ತಾಳೆ.

“ಅವ್ರಿಗೆ ಬೋಯೋದು ಇದ್ದೇ ಇರ್ತದೆ. ಮುದ್ದೆ ಆರೋಯ್ತದೆ, ಮೊದ್ಲು ಉಣ್ಣಿ.”

ಜಾಹೀರಾತು ಬಂದಾಗ ಮಾವ ನಾಲ್ಕು ತುತ್ತು ನುಂಗುತ್ತಾನೆ. ಜಾಹೀರಾತು ಎಂಬುದೊಂದು ಇಲ್ಲದೇ ಹೋಗಿದ್ದರೆ ನಮ್ಮ ಮಾವ ಎಂದೋ ಹಸಿವಿನಿಂದ ತೀರಿಕೊಳ್ಳುತ್ತಿದ್ದ.

ಇಷ್ಟಕ್ಕೂ ಜಗಳವೇನು? ಆ ನಾಯಕರು ಕಾಲೇಜು ಮುಗಿಸಿದ ಹೊಸತರಲ್ಲಿ, ಸಮಾಜವಾದದ ಹುಚ್ಚು ಹತ್ತಿಸಿಕೊಂಡು, ಒಂದು ಜೋಳಿಗೆ ಹಾಕಿಕೊಂಡು ನಮ್ಮ ಕಡೆಗೆ ಬಂದಿದ್ದರು. ಮೂರು ತಿಂಗಳು ಉಳಿದದ್ದು ನಮ್ಮ ತಾತನ ಮನೆಯಲ್ಲಿ. ಆಗ ನಮ್ಮ ಸೀಮೆಗೆ ಹೊಗೆಸೊಪ್ಪು ಹೊಸ ನೆಂಟ. ತಾತನೂ ಹೊಲಕ್ಕೆಲ್ಲ ಹೊಗೆಸೊಪ್ಪು ಹಾಕಿ, ಅದನ್ನು ಬೆಂಕಿಯ ಕಾವಿನಲ್ಲಿ ಒಣಗಿಸುವುದಕ್ಕೆ ಎತ್ತರದ ಮಣ್ಣಿನ ಮನೆ ಕಟ್ಟಿಸಿದ್ದ. ಅದನ್ನೇ ನಮ್ಮ ಕಡೆ ಬ್ಯಾರನ್ ಅನ್ನುವುದು. ಮೂರು ತಿಂಗಳು ಇದನ್ನೆಲ್ಲ ನೋಡಿದ ಆ ಜೋಳಿಗೆಯ ಹುಡುಗ ಒಂದು ಸಂಜೆ ಅರಳಿಕಟ್ಟೆಯ ಮೇಲೆ ನಿಂತು ಭಾಷಣ ಮಾಡಿದ.

“ತಿನ್ನಲಾಗದ್ದನ್ನು ಬೆಳೆಯಬೇಡಿ. ಹೊಗೆಸೊಪ್ಪು ಕಿತ್ತುಹಾಕಿ, ರಾಗಿ ಬಿತ್ತಿ!”

ಊರೆಲ್ಲ ಚಪ್ಪಾಳೆ ತಟ್ಟಿತಂತೆ. ನಮ್ಮ ಜನ ಚಪ್ಪಾಳೆಗೆ ಎಂದೂ ಚೌಕಾಸಿ ಮಾಡಿದವರಲ್ಲ. ಚಪ್ಪಾಳೆ ತಟ್ಟಿ ಮನೆಗೆ ಹೋಗಿ ಸುಮ್ಮನಾದರು. ಮಾರನೆಯ ಬೆಳಿಗ್ಗೆ ಎದೆಯುದ್ದ ನಿಂತಿದ್ದ ಬೆಳೆಯನ್ನು ಬುಡಸಮೇತ ಕಿತ್ತುಹಾಕಿದವನು ಇಡೀ ಊರಿನಲ್ಲಿ ಒಬ್ಬನೇ. ಯಾರು ಅಂತ ಬೇರೆ ಹೇಳಬೇಕೆ? ತಾತ ದೊಣ್ಣೆ ಹಿಡಿದು ಹೊಲದ ಸುತ್ತ ಮೂರು ಸುತ್ತು ಅಟ್ಟಿಸಿಕೊಂಡು ಓಡಿದನಂತೆ. ಮಾವ ಮೂರು ಸುತ್ತೂ ಕೈಗೆ ಸಿಕ್ಕಿದ ಗಿಡ ಕೀಳುತ್ತಲೇ ಓಡಿದನಂತೆ!

ತಾತ ಹೋದಮೇಲೆ ಮಾವ ಮಾಡಿದ ಮೊದಲ ಕೆಲಸ, ಬ್ಯಾರನ್ನಿನ ಲೈಸೆನ್ಸನ್ನು ವಾಪಸ್ ಕೊಡಲು ಹೊಗೆಸೊಪ್ಪು ಮಂಡಳಿಯ ಆಫೀಸಿಗೆ ಹೋದದ್ದು. ಅಲ್ಲಿನ ಗುಮಾಸ್ತರು ಬೀರುಗಳನ್ನೆಲ್ಲ ತೆಗೆದು ನೋಡಿದರು. ಲೈಸೆನ್ಸ್ ಬೇಕು ಅನ್ನುವವರಿಗೆ ಫಾರಂ ಇತ್ತು, ಕಳೆದುಹೋಗಿದೆ ಅನ್ನುವವರಿಗೆ ಫಾರಂ ಇತ್ತು, ಬೇಡ ಅನ್ನುವವರಿಗೆ ಇರಲಿಲ್ಲ. “ಯಜಮಾನ್ರೇ, ಇದುಕ್ಕೋಸ್ಕರ ಜನ ಕಾಲು ಹಿಡೀತಾರೆ, ನಿಮಗೆ ಮೈ ಉಸಾರಾಗೈತಾ?” ಎಂದು ಕೇಳಿದರಂತೆ. ಮಾವ ಲೈಸೆನ್ಸನ್ನು ಮೇಜಿನ ಮೇಲೆ ಇಟ್ಟು, ಅದು ಹಾರಿಹೋಗದ ಹಾಗೆ ಅವರ ಟೀ ಲೋಟವನ್ನೇ ಅದರ ಮೇಲಿಟ್ಟು ಬಂದ.

ನಗುತ್ತಾ ಹೇಳುತ್ತಿದ್ದೇನೆ, ನಿಜ. ಆದರೆ ಆ ಮನೆಯಲ್ಲಿ ನಗುವಂಥದ್ದು ಹೆಚ್ಚೇನೂ ನಡೆಯಲಿಲ್ಲ. ನಮ್ಮ ಕಡೆ ಹೆಣ್ಣು ಕೇಳಲು ಬಂದವರು ಮೊದಲು ಹುಡುಗಿಯ ಮುಖ ನೋಡುವುದಿಲ್ಲ, ಎಷ್ಟು ಬ್ಯಾರನ್ ಇವೆ ಅಂತ ನೋಡುತ್ತಾರೆ. ಮಾವನ ಮಗಳನ್ನು ನೋಡಲು ಬಂದವರು ಕಾಫಿ ಕುಡಿದು, ಹಿತ್ತಲ ಬಾಗಿಲಿನಿಂದ ಬ್ಯಾರನ್ನಿನ ಕಡೆಗೆ ಕತ್ತು ಚಾಚುತ್ತಿದ್ದರು. ಅದರೊಳಗೆ ಕಟ್ಟಿದ್ದ ಮೇಕೆಗಳು ಇವರ ಕಡೆಗೆ ಕತ್ತು ಚಾಚುತ್ತಿದ್ದವು! ಅಲ್ಲಿಗೆ ಮಾತು ಮುಗಿಯುತ್ತಿತ್ತು. ಹಾಗೆ ಒಂಬತ್ತು ಸಂಬಂಧ ತಪ್ಪಿ, ಕೊನೆಗೆ ಭತ್ತ ಬೆಳೆಯುವ ಕೆ.ಆರ್. ನಗರದ ಕಡೆಯ ಒಬ್ಬರು, ಬ್ಯಾರನ್ ಎಂದರೇನೆಂದೇ ತಿಳಿಯದ ಪುಣ್ಯಾತ್ಮರು, ಒಪ್ಪಿಕೊಂಡು ಹೋದರು. ಅಷ್ಟರಲ್ಲಿ ಅವಳಿಗೆ ಇಪ್ಪತ್ತಾರು ವರ್ಷ ಆಗಿತ್ತು, ಓರಗೆಯವರ ಮಕ್ಕಳು ಆಗಲೇ ಶಾಲೆಗೆ ಹೋಗುತ್ತಿದ್ದವು. ಅವಳು ಅಪ್ಪನ ಹತ್ತಿರ ಇವತ್ತಿಗೂ ಎರಡು ಮಾತಿಗಿಂತ ಹೆಚ್ಚು ಆಡುವುದಿಲ್ಲ.

ಮಳೆ ಹೆಚ್ಚಾದರೆ ರಾಗಿ ಹೋಯಿತು, ಕಡಿಮೆಯಾದರೂ ರಾಗಿ ಹೋಯಿತು. ಮನೆ ನಡೆಯಬೇಕಲ್ಲ? ಅತ್ತೆ ಬೇರೆಯವರ ಬ್ಯಾರನ್ನಿಗೆ ಕೂಲಿಗೆ ಹೊರಟಳು. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುವ ಕೆಲಸ. ಮಾವ ಹೊಗೆಸೊಪ್ಪು ಬಿಟ್ಟ, ಹೊಗೆಸೊಪ್ಪು ಅತ್ತೆಯನ್ನು ಬಿಡಲಿಲ್ಲ. ಬೆಳಿಗ್ಗೆ ಅವಳು ಬುತ್ತಿ ಕಟ್ಟಿಕೊಂಡು ಹೊರಟರೆ ಮಾವ ಏನೋ ನೆಪ ತೆಗೆದು ಹಿತ್ತಲಿಗೆ ಹೋಗುತ್ತಿದ್ದ. ಇದನ್ನು ನಾನು ಚಿಕ್ಕವಳಿದ್ದಾಗ ಎಷ್ಟೋ ಸಲ ನೋಡಿದ್ದೇನೆ. ನನಗೆ ಮಾವನ ಮೇಲೆ ಆಗಲೇ ಸಿಟ್ಟಿತ್ತು, ಈಗಲೂ ಪೂರ್ತಿ ಹೋಗಿಲ್ಲ. ಹಾಗಂತ ನನ್ನನ್ನು ದೊಡ್ಡವಳು ಅಂದುಕೊಳ್ಳಬೇಡಿ. ನಮ್ಮಪ್ಪನಿಗೆ ಎರಡು ಬ್ಯಾರನ್ ಇದ್ದವು, ನಾನು ಓದಿ ಟೀಚರಾದದ್ದು ಅವುಗಳ ಹೊಗೆಯಿಂದಲೇ.

ಅತ್ತ ನಾಯಕರೂ ಬೆಳೆಯುತ್ತಿದ್ದರು. ಮೊದಲ ಚುನಾವಣೆಯಲ್ಲಿ “ಹೊಗೆಸೊಪ್ಪು ಬೇಡ” ಎಂದು ಸೋತರು. ಎರಡನೆಯದರಲ್ಲಿ “ಸದ್ಯಕ್ಕೆ ಇರಲಿ” ಎಂದು ಗೆದ್ದರು. ಆಮೇಲೆ “ರೈತನ ಕಷ್ಟ ರೈತನಿಗೇ ಗೊತ್ತು” ಎಂದರು. ದೆಹಲಿಗೆ ಹೋದಮೇಲೆ ಹೊಗೆಸೊಪ್ಪು ಬೆಳೆಗಾರರ ಪರವಾಗಿ ಅವರಷ್ಟು ಗಟ್ಟಿಯಾಗಿ ಮಾತಾಡಿದವರು ಯಾರೂ ಇಲ್ಲ ಅಂತ ನಮ್ಮೂರಿನವರೇ ಹೇಳುತ್ತಾರೆ. ಅವರಿಂದ ಒಳ್ಳೆಯ ಬೆಲೆಯೂ ಬಂತು, ಅದರಿಂದ ತಾರಸಿ ಮನೆಗಳೂ ಎದ್ದವು. ಅದನ್ನು ಇಲ್ಲ ಎನ್ನುವ ಧೈರ್ಯ ನನಗಿಲ್ಲ.

ಒಮ್ಮೆ ಅವರು ನಮ್ಮ ಕಡೆಯ ಹೊಗೆಸೊಪ್ಪು ಹರಾಜು ಕಟ್ಟೆಯ ಉದ್ಘಾಟನೆಗೆ ಬಂದರು. ಊರಿನವರು ಹೊನ್ನಿನ ಬಣ್ಣದ ಹೊಗೆಸೊಪ್ಪಿನಲ್ಲೇ ಆಳೆತ್ತರದ ಹಾರ ಮಾಡಿ ಹಾಕಿದರು! ಮಾವ ಮಡಿಸಿಟ್ಟಿದ್ದ ಬಿಳಿ ಜುಬ್ಬ ಹಾಕಿಕೊಂಡು, ಜನರ ನಡುವೆ ನುಗ್ಗಿ ಮುಂದೆ ಹೋಗಿ ನಿಂತ. ಹೇಳಬೇಕಾದ್ದನ್ನೆಲ್ಲ ಒಂದು ವಾರ ಕಂಠಪಾಠ ಮಾಡಿಕೊಂಡಿದ್ದ. ನಾಯಕರು ಹಾರದ ಸಂದಿನಿಂದ ಕೈ ಚಾಚಿ, ಇವನ ಕೈ ಹಿಡಿದು, ನಗುನಗುತ್ತಾ ಕೇಳಿದರು.

“ಎಷ್ಟು ಬ್ಯಾರನ್, ಯಜಮಾನ್ರೇ?”

“ಒಂದು. ಉರಿಯಾಕಿಲ್ಲ.”

“ಮಾಡಿಸೋಣ ಬಿಡಿ,” ಎಂದು ಪಕ್ಕದವರಿಗೆ ಬರೆದುಕೊಳ್ಳಲು ಹೇಳಿ ನಾಯಕರು ಮುಂದಿನ ಕೈ ಹಿಡಿದರು. ಬರೆದುಕೊಂಡವರು ಪ್ರಾಮಾಣಿಕರು ಕಣ್ರೀ! ಹದಿನೈದೇ ದಿನಕ್ಕೆ ಇಬ್ಬರು ಅಧಿಕಾರಿಗಳು ಬ್ಯಾರನ್ ರಿಪೇರಿಗೆ ಅಂತ ಅಳತೆ ಟೇಪು ಹಿಡಿದು ಬಂದರು. ಮಾವ ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿದ. ಆ ತಿಂಗಳೆಲ್ಲ ಟೀವಿಗೆ ಬಯ್ಯಲೇ ಇಲ್ಲ. ಅತ್ತೆ ಹೆದರಿ ನನಗೆ ಫೋನು ಮಾಡಿದ್ದಳು.

ಮೊನ್ನೆ ಚುನಾವಣೆಯ ಗದ್ದಲದಲ್ಲಿ ನಾನು ಊರಿಗೆ ಹೋಗಿದ್ದಾಗ ಎದುರು ಪಕ್ಷದ ಮೂವರು ಬಿಳಿ ಕಾರಿನಲ್ಲಿ ಬಂದಿಳಿದರು. ಅರಳಿಕಟ್ಟೆಯ ಭಾಷಣದ ಕೈಬರಹ ಮಾವನ ಹತ್ತಿರ ಇದೆ ಅಂತ ಅವರಿಗೆ ಯಾರೋ ಹೇಳಿದ್ದರು.

“ಅದುನ್ನ ಕೊಡಿ ಯಜಮಾನ್ರೇ,” ಎಂದ ಒಬ್ಬ. “ಒಂದು ಫೋಟೋ ಒಡ್ದು ಎಲ್ಲಾ ಮೊಬೈಲಿಗೂ ಬುಟ್ರೆ ಇಡೀ ರಾಜ್ಯ ನಗ್ತದೆ. ಒಂದು ಬ್ಯಾರನ್ ಓಟೂ ಬೀಳಾಕಿಲ್ಲ ಅವ್ರಿಗೆ. ನಿಮ್ಮ ಮೊಮ್ಮಗಂಗೆ ಒಂದು ಕೆಲ್ಸ, ನಮ್ಮ ಜವಾಬ್ದಾರಿ.”

ಮಗಳ ಮಗ ಡಿಗ್ರಿ ಮುಗಿಸಿ ಮೂರು ವರ್ಷದಿಂದ ಮನೆಯಲ್ಲೇ ಇದ್ದ. ಅತ್ತೆ ಕೈಮುಗಿದುಬಿಟ್ಟಳು.

“ಕೊಟ್ಬುಡಿ. ಬೋಯ್ಕೊಂಡೇ ಅರ್ಧ ಆಯುಸ್ಸು ಹೋಯ್ತಲ್ಲ, ಒಂದ್ಸಲ ಡೆಲ್ಲಿಗೆ ಕೇಳ್ಲಿ. ಮಗಳ ಹೊಟ್ಟೆಯಾದ್ರೂ ತಣ್ಣಗಾಗ್ಲಿ.”

ಮಾವ ಟ್ರಂಕಿನಿಂದ ಹಾಳೆಗಳನ್ನು ತೆಗೆದ. ಕಣ್ಣು ಮಂಜಾಗಿ ಓದಲು ಬರುವುದಿಲ್ಲವಾದ್ದರಿಂದ ನನ್ನ ಕೈಗೆ ಕೊಟ್ಟು, “ಓದು ಮಗಾ, ಒಂದ್ಸಲ ಕೇಳ್ಬುಡ್ತೀನಿ,” ಎಂದ. ಕೊಡುತ್ತಾನೆ ಅಂತಲೇ ನಾನೂ ಅಂದುಕೊಂಡೆ.

ಮೊದಲ ಎರಡು ಹಾಳೆಯಲ್ಲಿ ಊರೆಲ್ಲ ಬಲ್ಲ ಮಾತುಗಳೇ ಇದ್ದವು. ಮೂರನೆಯದು ಹೀಗಿತ್ತು: “ನಾನು ಉಳಿದುಕೊಂಡ ಮನೆಯ ತಾಯಿ ಬೆಳಗಿನಿಂದ ಹಸಿ ಸೊಪ್ಪು ಕಟ್ಟುತ್ತಾರೆ. ಘಾಟು ತಲೆಗೇರಿದಾಗ ಬೇಲಿಯ ಹತ್ತಿರ ಹೋಗಿ ವಾಂತಿ ಮಾಡುತ್ತಾರೆ. ಬಾಯಿ ತೊಳೆದು ಬಂದು ನನಗೆ ಬಡಿಸುತ್ತಾರೆ. ತಮಗೆ ಊಟ ಸೇರುವುದಿಲ್ಲ ಅನ್ನುತ್ತಾರೆ. ನಿನ್ನೆ ಅವರ ಎದುರಿಗೇ ನನಗೆ ಅಳು ಬಂದುಬಿಟ್ಟಿತು. ಈ ಬೆಳೆಯ ಬಗ್ಗೆ ನನಗೆ ಬೇರೆ ಯಾವ ವಾದವೂ ಬೇಕಿಲ್ಲ.”

ನಾನು ಕಣ್ಣಾರೆ ಕಾಣದ ನನ್ನ ಅಜ್ಜಿ! ಆ ಭಾಷಣವಾದ ಮರುವರ್ಷವೇ ತೀರಿಕೊಂಡಳಂತೆ.

“ಸಕತ್ತಾಗೈತೆ ಇದು!” ಎಂದು ಕಾರಿನವನು ತೊಡೆ ತಟ್ಟಿದ. “ನಾಯಕರು ಗೊಳೋ ಅಂತ ಅತ್ರಂತೆ! ಇದೊಂದು ಹಾಳೆ ಸಾಕು.”

ಮಾವ ನನ್ನ ಕೈಯಿಂದ ಹಾಳೆಗಳನ್ನು ತೆಗೆದುಕೊಂಡು ಮಡಿಸಿದ. “ಕೊಡಾಕಿಲ್ಲ. ನೀವು ಹೊರಡಿ,” ಎಂದ. ಅವರು ಗೊಣಗುತ್ತಾ ಕಾರು ಹತ್ತಿದರು. ಅತ್ತೆ ಜಗುಲಿಯ ಮೇಲೆ ಕುಸಿದು ಕೂತಳು.

“ಈ ಹಾಳೆ ಅವ್ನು ಕಟ್ಟೆ ಮೇಲೆ ಓದ್ನಿಲ್ಲ,” ಎಂದ ಮಾವ ಆಮೇಲೆ. “ನಮ್ಮವ್ವ ಮುಂದ್ಗಡೇನೇ ಕುಂತಿದ್ಲು, ನಾಚ್ಕಂಡು ಬುಟ್ಬುಟ್ಟ. ಮನೇಗ್ ಬಂದು ನಂಗೆ ಕೊಟ್ಟ. ನಾನು ಅವಳ ಹೊಟ್ಟೇಲಿ ಹುಟ್ದೋನು. ಅವ್ಳು ಬೇಲಿ ಹತ್ರ ಹೋಗೋದ ದಿನಾ ನೋಡ್ತಿದ್ದೆ. ಎಲ್ರಿಗೂ ಆಯ್ತದೆ, ಇವ್ಳಿಗೂ ಆಯ್ತದೆ ಅನ್ಕಂಡಿದ್ದೆ. ಎಲ್ಲಿಂದಲೋ ಬಂದ ಹುಡುಗ ಅತ್ತ ಕನವ್ವ. ನಮ್ಮವ್ವಂಗೆ ಅಂತ ಅತ್ತೋನು ಅವ್ನೊಬ್ನೇ. ಮಂತ್ರಿಗೆ ಸಾಯೋಗಂಟ ಬೋಯ್ತೀನಿ. ಆ ಹುಡುಗನ್ನ ನೋಡಿ ಯಾರೂ ನಗಬಾರ್ದು.”

ಅತ್ತೆ ಸಿಟ್ಟಿಲ್ಲದೆ, ಉಪ್ಪು ಎಲ್ಲಿದೆ ಅಂತ ಕೇಳುವ ಹಾಗೆ ಕೇಳಿದಳು.

“ನಾನೂ ಮೂವತ್ತು ವರ್ಸ ಸೊಪ್ಪು ಕಟ್ದೆ. ನಾನೂ ಬೇಲಿ ಹತ್ರ ಹೋದೆ. ನಂಗೆ ಅಂತ ಯಾರತ್ರು?”

ಮಾವ ಎದ್ದು ಅವಳ ಪಕ್ಕದಲ್ಲಿ ಹೋಗಿ ಕೂತ. ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಮೊದಲು ಅವನ ಭುಜ ಅಲುಗಿತು, ಆಮೇಲೆ ದನಿ ಬಂತು. ಎಪ್ಪತ್ತು ದಾಟಿದ ಗಂಡಸು ಹಾಗೆ ಬಾಯಿಬಿಟ್ಟು ಅಳುವುದನ್ನು ನಾನು ನೋಡಿರಲಿಲ್ಲ.

“ಸಾಕು ಬುಡಿ, ಕೂಸು ಕುಂತದೆ,” ಎಂದಳು ಅತ್ತೆ, ಐವತ್ತರ ಹತ್ತಿರದ ನನ್ನನ್ನು ತೋರಿಸಿ. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.