ಹೂಂ ಅಂದ ಭಾನುವಾರ

ಚರ್ಚಿನಲ್ಲಿ ಪ್ರಸಂಗ ಮಾಡಿದ ಸಭಾಪಾಲಕರು ಯಾರ ಹೆಸರನ್ನೂ ಹೇಳಲಿಲ್ಲ. "ನಂಬಿಕೆಯ ವಿಷಯ ಮಾತಾಡುವಾಗ ಮೆತ್ತಗೆ ಮಾತಾಡಿ. ವಾದ ಗೆದ್ದು ಮನುಷ್ಯನನ್ನ ಕಳ್ಕೋಬೇಡಿ" ಎಂದರಷ್ಟೇ. ಆದರೂ ಇಡೀ ಬೆಂಚು ಅಮೀನಪ್ಪನ ಕಡೆ ತಿರುಗಿತು.

ಹೊರಗೆ ಬಂದಮೇಲೆ ಹೆಂಡತಿ ಅಕ್ಕವ್ವ, "ಕೇಳಿದ್ರಿಲ್ಲೋ? ಇವತ್ತರ ಚಿಕ್ಕಣ್ಣನ ಮನ್ಯಾಗ ಬಾಯಿ ಮಾಡಬ್ಯಾಡ್ರಿ" ಎಂದಳು.

ಗದಗದ ಕಡೆಯ ಅಮೀನಪ್ಪ, ಅತ್ತಿಗುಪ್ಪೆಯ ಚಿಕ್ಕಣ್ಣ ಒಂದೇ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಇಬ್ಬರೂ ಕ್ರೈಸ್ತರೇ, ಸಭೆ ಮಾತ್ರ ಬೇರೆ. ಅಮೀನಪ್ಪನ ಸಭೆಯಲ್ಲಿ ಕೂಸಿನ ತಲೆಗೆ ನೀರು ಚಿಮುಕಿಸಿ ದೀಕ್ಷಾಸ್ನಾನ. ಚಿಕ್ಕಣ್ಣನ ಸಭೆಯಲ್ಲಿ ಬುದ್ಧಿ ಬಂದವರನ್ನು ತೊಟ್ಟಿಯಲ್ಲಿ ಮುಳುಗಿಸಿ. ಯಾವುದು ಸರಿ ಎಂಬುದು ಪ್ರತಿ ಭಾನುವಾರ ಸಂಜೆ ಚಿಕ್ಕಣ್ಣನ ಮನೆಯಲ್ಲಿ ತೀರ್ಮಾನವಾಗದೆ ಉಳಿಯುತ್ತಿತ್ತು. ಆ ಹೊತ್ತಿನಲ್ಲಿ ಟಿವಿ ಕೇಬಲ್ ಹೋದರೂ ನೆರೆಯವರಿಗೆ ಚಿಂತೆಯಿರಲಿಲ್ಲ.

ಈ ಸಂಜೆಯೂ ಚಿಕ್ಕಣ್ಣನೇ ಶುರು ಮಾಡಿದ. "ನಾಲ್ಕು ಹನಿ ಚಿಮುಕಿಸಿದ್ರೆ ದೀಕ್ಷಾಸ್ನಾನನಾ? ಸೊಪ್ಪಿನವಳು ಕೊತ್ತಂಬರಿಗೇ ಅದಕ್ಕಿಂತ ಜಾಸ್ತಿ ನೀರು ಹಾಕ್ತಾಳೆ!"

ಉತ್ತರ ಅಮೀನಪ್ಪನ ಬಾಯಲ್ಲಿ ಬಿಸಿ ಬಜ್ಜಿಯಂತೆ ಸುಡುತ್ತಿತ್ತು. ನುಂಗಿದ. "ನೀ ಹೇಳೂದ್ರಾಗೂ ಅರ್ಥ ಐತಿ."

"ಏನಂದೆ?"

"ಅರ್ಥ ಐತಿ ಅಂದೆ."

"ನಿಮ್ಮಪ್ಪ ನಿನಗೆ ಮಾಡಿಸಿದ್ದು ದೀಕ್ಷಾಸ್ನಾನ ಅಲ್ಲ ಕಣೋ, ಮುಖ ತೊಳೆಸಿದ್ದು!"

"ಹೂಂ. ಇರಬಹುದು."

ಪಕ್ಕದ ಮನೆಯ ಕಲಾವತಿ ಕಿಟಕಿಯಿಂದ ಇಣುಕಿದಳು. "ಯಶೋದಮ್ಮ ಆಂಟಿ, ಯಾಕೆ ಸದ್ದೇ ಇಲ್ಲ? ಅಂಕಲ್ ಹುಷಾರಾಗಿದಾರೆ ತಾನೇ?"

ಚಿಕ್ಕಣ್ಣನ ಮುಖ ಕಪ್ಪಿಟ್ಟಿತು. ಕಾಫಿ ತಂದ ಹೆಂಡತಿಯತ್ತ ತಿರುಗಿದ. "ಇವನಿಗೂ ಹೇಳ್ಬಿಟ್ಯಾ?"

"ನಾನ್ಯಾಕ್ರೀ ಹೇಳ್ಲಿ?" ಯಶೋದಮ್ಮ ಲೋಟಗಳನ್ನು ಮೇಜಿನ ಮೇಲಿಟ್ಟಳು.

"ಏನು ಹೇಳೂದು?" ಎಂದ ಅಮೀನಪ್ಪ.

"ನಾಟಕ ಬೇಡ ಕಣೋ. ಹೊಟ್ಟೇಲಿ ಗಡ್ಡೆ. ಈ ಸಲ ಕ್ರಿಸ್‌ಮಸ್ ನೋಡೋದು ಅನುಮಾನ ಅಂದಿದಾರೆ ಡಾಕ್ಟ್ರು. ಗೊತ್ತಾದಾಗಿಂದ ನಮ್ಮ ಸಭೇಲಿ ನಾನು ಏನಂದ್ರೂ ಎಲ್ರೂ ಹೂಂ ಅಂತಾರೆ. ಬದುಕಿರೋನ ಥರ ಬೈಯೋಕೆ ನೀನೊಬ್ಬ ಉಳಿದಿದ್ದೆ. ಅದಕ್ಕೇ ನಿನಗೆ ಹೇಳ್ಬೇಡಿ ಅಂದಿದ್ದೆ."

"ನನಗ ಯಾರೂ ಹೇಳಿಲ್ಲೋ! ನಮ್ಮ ಸಭಾಪಾಲಕರು ಮೆತ್ತಗ ಮಾತಾಡು ಅಂದ್ರು, ಅದಕ್ಕ—"

"ಪಾಪ, ಸುಳ್ಳೂ ಮೆತ್ತಗೇ ಹೇಳ್ತಿದೀಯ."

ಅಮೀನಪ್ಪ ಎದ್ದು ನಿಂತ. ಮೇಜು ಗುದ್ದಿದ. "ನೀ ಹೇಳೂದು ಶುದ್ಧ ತಪ್ಪು! ಕೂಸಿಗೆ ಹಾಲು ಕುಡಿಸುವಾಗ ತಾಯಿ ಅದರ ಒಪ್ಪಿಗಿ ಕೇಳ್ತಾಳೇನು? ದೇವರ ಕೃಪಾನೂ..."

ಚಿಕ್ಕಣ್ಣ ಕುರ್ಚಿಯ ತುದಿಗೆ ಸರಿದ. ಕಣ್ಣಲ್ಲಿ ಹಳೆಯ ಮಿಂಚು. "ಹೂಂ, ಹೇಳು! ಆಮೇಲೆ?"

ಆಮೇಲಿನದು ಬರಲಿಲ್ಲ. ಅಮೀನಪ್ಪ ಕುಸಿದು ಕೂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

ಚಿಕ್ಕಣ್ಣ ಎದ್ದು ಬಂದು ಗೆಳೆಯನ ಬೆನ್ನು ಸವರಿದ.

"ಅಳಬೇಡ ಕಣೋ. ಯೋಚನೆ ಮಾಡಿದ್ರೆ ನೀನು ಹೇಳೋದೇ ಸರಿ ಅನ್ಸುತ್ತೆ. ಕೂಸಿಗೂ ದೀಕ್ಷಾಸ್ನಾನ ಕೊಡಬಹುದು."

ವರ್ಷಗಟ್ಟಲೆ ನಡೆದ ವಾದವನ್ನು ಅಮೀನಪ್ಪ ಹಾಗೆ ಗೆದ್ದ.

"ಹಂಗ ಅನಬ್ಯಾಡೋ" ಎಂದು ಅವನು ಚಿಕ್ಕಣ್ಣನ ಎರಡೂ ಕೈ ಹಿಡಿದುಕೊಂಡ. "ನಿನ್ನ ಕಾಲಿಗೆ ಬೀಳ್ತೀನಿ, ಹಂಗ ಅನಬ್ಯಾಡ."