ಅಕ್ಕನ ಸಲುವಾಗಿ ಒಂದು ಪಾವಟಿಗೆ

ನಮ್ಮ ಕಾಕಾ ತಮ್ಮ ಆಯುಷ್ಯದಲ್ಲಿ ಮನಸಾರೆ ಮರ್ಯಾದೆ ಕೊಟ್ಟದ್ದು ಒಬ್ಬರಿಗೇ. ಆ ಒಬ್ಬರು ಮಾತ್ರ ಅವರಿಗೆ ಒಂದು ದಿನವೂ ಮರ್ಯಾದೆ ಕೊಡಲಿಲ್ಲ! ಅದು ಕಾಕಿ ಇರಬೇಕು ಎಂದು ನೀವು ಊಹಿಸಿದರೆ ತಪ್ಪು. ಕಾಕಿಗೆ ಅಷ್ಟು ಭಾಗ್ಯವೆಲ್ಲಿ? ಅದು ಕಾಕಾನ ಪಿಕಪ್ ಗಾಡಿ.

ಎಪ್ಪತ್ತರ ದಶಕದ ಮಾತು. ಕಾಕಾ, ಎಂದರೆ ನನ್ನ ತಂದೆಯ ತಮ್ಮ, ಬೈಲಹೊಂಗಲದಲ್ಲಿ ದನಗಳಿಗೆ ಹಾಕುವ ಹತ್ತಿಕಾಳಿನ ಹಿಂಡಿ ವ್ಯಾಪಾರ ಮಾಡುತ್ತಿದ್ದರು. ಹಿಂಡಿ ಚೀಲಗಳನ್ನು ಸವದತ್ತಿ, ರಾಮದುರ್ಗದ ಕಡೆ ಒಯ್ಯಲು ಎಲ್ಲಿಯೋ ಹರಾಜಿನಲ್ಲಿ ಹಿಡಿದು ತಂದ ಗಾಡಿ ಅದು. ಮುಂದೆ ಮೂವರು ಮೈಗೆ ಮೈ ತಾಗಿಸಿ ಕೂಡುವ ಸೀಟು, ಹಿಂದೆ ಚೀಲ ಹೇರುವ ಜಾಗ, ಎರಡು ಬಾಗಿಲುಗಳ ಕೆಳಗೆ ಹತ್ತಲಿಕ್ಕೆ ಒಂದೊಂದು ಕಬ್ಬಿಣದ ಪಾವಟಿಗೆ. ಹಾರ್ನ್ ಒಂದು ಬಿಟ್ಟು ಉಳಿದೆಲ್ಲ ಸದ್ದು ಮಾಡುತ್ತಿದ್ದವು. ಏರು ಬಂದರೆ ಕಾಕಾ ಸ್ಟೇರಿಂಗ್ ತಡವುತ್ತ, "ನಡೀ ನಮ್ಮವ್ವಾ, ಇನ್ನೊಂದೀಟ" ಎಂದು ರಮಿಸುತ್ತಿದ್ದರು. ಅದು ಅಲ್ಲೇ ನಿಂತುಬಿಡುತ್ತಿತ್ತು. ನಾವು ಇಳಿದು ನೂಕಬೇಕು. ನೂಕುವವರಿಗೂ ಒಂದು ಬುದ್ಧಿವಾದ: "ಮೆಲ್ಲಕ ನೂಕ್ರಿ. ಅದಕ್ಕೂ ಮಾನ ಮರ್ಯಾದಿ ಐತಿ."

ನಮಗೆ ಇರಲಿಲ್ಲವೇ ಎಂದು ಕೇಳುವ ಧೈರ್ಯ ಯಾರಿಗಿತ್ತು?

ಹೀಗೆ ಸುಖವಾಗಿದ್ದ ಸಂಸಾರದಲ್ಲಿ ಒಂದು ಪಂಚಮಿ ಹಬ್ಬ ಬಂತು. ನಮ್ಮ ಕಡೆ ಪಂಚಮಿಗೆ ಕೊಟ್ಟ ಹೆಣ್ಣುಮಕ್ಕಳನ್ನು ಅಣ್ಣನೋ ತಮ್ಮನೋ ಹೋಗಿ ತವರಿಗೆ ಕರೆತರಬೇಕು. ಕಾಕಾನಿಗೆ ಇದ್ದವಳು ಒಬ್ಬಳೇ ಅಕ್ಕ, ನನ್ನ ಸೋದರತ್ತೆ. ಕೊಟ್ಟದ್ದು ರಾಮದುರ್ಗಕ್ಕೆ. ಕಾಕಾ ಗಾಡಿ ತೆಗೆದುಕೊಂಡು ಹೋಗಿ ಅತ್ತೆಯನ್ನು ಕರೆತಂದರು. ನಮ್ಮ ಬಾಗಿಲ ಮುಂದೆ ಆಕೆ ಇಳಿಯಲು ಕಾಲಿಟ್ಟದ್ದೇ ತಡ, ತುಕ್ಕು ಹಿಡಿದು ಜಂಗು ತಿಂದಿದ್ದ ಪಾವಟಿಗೆ ಚಟ್ ಎಂದು ಮುರಿದು ಕಾಲು ತಗಡಿನೊಳಗೆ ಹೋಯಿತು. ಮೊಣಕಾಲಿನ ಕೆಳಗೆ ಗೇಣುದ್ದ ಸೀಳಿತು. ರಕ್ತ ಧಾರಾಕಾರ. ಕಾಕಾ ಓಡಿ ಬಂದವರು, ನೋಡಿದವರು, ಹಣೆ ಬಡಿದುಕೊಂಡು ಹೇಳಿದ್ದೇನು?

"ಅಯ್ಯ, ಪಾವಟಗಿ ಮುರೀತಲ್ಲ!"

ಅತ್ತೆಗೆ ಹೊಲಿಗೆ ಹಾಕಿಸಿದೆವು. ಗಾಯ ಒಂದು ತಿಂಗಳಲ್ಲಿ ಮಾಯಿತು. ಆ ಮಾತು ಮಾಯಲಿಲ್ಲ. ಹಬ್ಬ ಮುಗಿಸಿ ಬಸ್ಸು ಹತ್ತುವಾಗ ಆಕೆ ತಮ್ಮನ ಮುಖ ನೋಡದೆ ಹೇಳಿದಳು, "ಇನ್ನ ಮ್ಯಾಲೆ ನನ್ನ ಕರಿಯಾಕ ಬರಬ್ಯಾಡಪಾ. ನಿನ್ನ ಗಾಡಿ ಕರಕೊಂಡ ಹಬ್ಬಾ ಮಾಡು."

ವರ್ಷವಿಡೀ ಆಕೆ ಬರಲಿಲ್ಲ. ಮತ್ತೆ ಪಂಚಮಿ ಹತ್ತಿರ ಬಂತು. ಕಾಕಾ ಊಟ ಕಡಿಮೆ ಮಾಡಿದರು. ಹಿಂಡಿ ತೂಗುವಾಗ ಸುಮ್ಮನೆ ಬೀದಿ ನೋಡುತ್ತ ನಿಲ್ಲತೊಡಗಿದರು. ಕಾಕಿ ಒಂದು ದಿನ ಸೀದಾ ಕೇಳಿಯೇಬಿಟ್ಟಳು.

"ಬಸ್ಸಿನ್ಯಾಗ ಹೋಗಿ ತಪ್ಪಾತು ಅಂತ ಒಂದ ಮಾತ ಹೇಳಿ ಕರಕೊಂಡ ಬರ್ರಿ. ನಿಮ್ಮ ಗಂಟೇನ ಹೋಗತೈತಿ?"

"ಬಸ್ಸಿನ್ಯಾಗ ಯಾಕ ಬರತಾಳ? ಇದ ಗಾಡಿ ಹತ್ತತಾಳ, ಇದ ಪಾವಟಗಿ ಮ್ಯಾಲೆ ಕಾಲಿಟ್ಟ ಹತ್ತತಾಳ, ನೋಡಾಕಿ" ಎಂದರು ಕಾಕಾ.

ತಪ್ಪಾಯಿತು ಎಂಬ ಒಂದು ಮಾತು ಹೇಳಲಾರದ ಗಂಡಸು ಎಷ್ಟು ಕೆಲಸ ಹಚ್ಚಿಕೊಳ್ಳಬಲ್ಲ ಎಂಬುದನ್ನು ನಾವು ಮುಂದಿನ ಹದಿನೈದು ದಿನ ಕಣ್ಣಾರೆ ಕಂಡೆವು. ಎರಡೂ ಪಾವಟಿಗೆ ಬಿಚ್ಚಿ ಅಂಗಳಕ್ಕೆ ತಂದರು. ಮುರಿದದ್ದಕ್ಕೆ ವೆಲ್ಡಿಂಗ್ ಅಂಗಡಿಯಲ್ಲಿ ಹೊಸ ತಗಡು ಕೂಡಿಸಿದರು. ಇನ್ನು ಜಂಗು ತೆಗೆಯಬೇಕು. ಸೀಮೆಎಣ್ಣೆ ಸುರಿದು ಪಾಲಿಶ್ ಪೇಪರಿನಿಂದ ತಿಕ್ಕಿದರು, ಬೆರಳು ಸುಲಿದವೇ ಹೊರತು ಜಂಗು ಹೋಗಲಿಲ್ಲ. ಅತ್ತ ಕಾಕಿ ಮತ್ತು ನಾನು ಹಬ್ಬಕ್ಕೆಂದು ಹಿತ್ತಾಳೆ ಕೊಡ, ತಂಬಿಗೆಗಳನ್ನು ಹುಣಸೆಹುಳಿ ಹಚ್ಚಿ ಬೆಳಗುತ್ತ ಕುಳಿತಿದ್ದೆವು. ಕಾಕಾ ಸದ್ದಿಲ್ಲದೆ ಬಂದು ಕೊಡಗಳ ಸಾಲಿನ ಕೊನೆಗೆ ಪಾವಟಿಗೆ ಇಟ್ಟು ಹೋದರು!

"ಇದೇನ್ರಿ?" ಎಂದಳು ಕಾಕಿ.

"ಹೆಂಗೂ ಕೈಗೆ ಹುಳಿ ಹತ್ತೇತಲ್ಲ. ಅದನ್ನೂ ಒಂದೀಟ ತಿಕ್ಕರಿ."

ತಿಕ್ಕಿದೆವು. ಜಂಗು ಹೋಗಿ ಪಾವಟಿಗೆ ಬೆಳ್ಳಗೆ ಹೊಳೆಯಿತು. ಕಾಕಾ ಓಣಿಯವರನ್ನೆಲ್ಲ ಕರೆದು ತೋರಿಸಿದರು. ಮರುದಿನ ಬೆಳಿಗ್ಗೆ ನೋಡಿದರೆ ಆಷಾಢದ ಹಸಿಗಾಳಿಗೆ ಮತ್ತೆ ಜಂಗು, ಮೊದಲಿಗಿಂತ ಕೆಂಪಗೆ. ಕಾಕಾ ಓಣಿಯವರ ಕಣ್ಣು ಬಿತ್ತು ಎಂದರು. ಮತ್ತೆ ಹುಳಿ, ಮತ್ತೆ ನಮ್ಮ ಕೈ. ಈ ಸಲ ಒರೆಸಿದ ಕೂಡಲೇ ಜಂಗು ತಡೆಯುವ ಕೆಂಪು ಬಣ್ಣ ಬಳಿದರು. ಅದರ ಮೇಲೆ ಕರಿ ಬಣ್ಣ, ಒಂದಲ್ಲ, ಐದು ಸಲ.

ಆದರೆ ಹೊರಗೆ ಜಿಟಿಜಿಟಿ ಮಳೆ. ಬಣ್ಣ ಒಣಗಬೇಕಲ್ಲ? ಪಾವಟಿಗೆಗಳು ಅಡುಗೆಮನೆ ಸೇರಿದವು. ಒಲೆಯ ಆಚೆ ಒಂದು, ಈಚೆ ಒಂದು. ನಡುವೆ ಕುಳಿತು ಕಾಕಿ ಪಂಚಮಿಯ ಉಂಡೆಗೆ ಶೇಂಗಾ, ಎಳ್ಳು ಹುರಿದಳು. ಆ ವರ್ಷದ ಉಂಡೆಗಳ ರುಚಿಯನ್ನು ನಾನು ಹೇಗೆ ವರ್ಣಿಸಲಿ? ಬಾಯಲ್ಲಿಟ್ಟರೆ ಮೊದಲು ಬೆಲ್ಲ, ಆಮೇಲೆ ಶೇಂಗಾ, ಕೊನೆಗೆ ಬಣ್ಣದ ಡಬ್ಬಿ. ಕಾಕಾ ಒಂದು ತಿಂದು ಮುಖ ಸಿಂಡರಿಸಿದರು. ಕಾಕಿ ಮಾತ್ರ ಶಾಂತವಾಗಿ, "ತಿನ್ನರಿ, ತಿನ್ನರಿ. ಹೊಟ್ಟಿಗೆ ಜಂಗ ಹಿಡಿಯಂಗಿಲ್ಲ" ಎಂದಳು.

ಪಾವಟಿಗೆಗಳನ್ನು ಮರಳಿ ಜೋಡಿಸಿದ ಮೇಲೆ ಇನ್ನೊಂದು ಕಾಟ ಶುರುವಾಯಿತು. ಅವುಗಳ ಮೇಲೆ ಯಾರೂ ಕಾಲಿಡುವಂತಿಲ್ಲ! ಸ್ವತಃ ಕಾಕಾ, ಐವತ್ತು ದಾಟಿದ ಮನುಷ್ಯ, ಸ್ಟೇರಿಂಗ್ ಹಿಡಿದು ಜೋತಾಡಿ ಮಂಗನ ಹಾಗೆ ಒಳಗೆ ಜಿಗಿಯುತ್ತಿದ್ದರು. ಹೆಂಗಸರಿಗೆಂದು ಗಾಡಿಯಲ್ಲಿ ಒಂದು ಕಟ್ಟಿಗೆಯ ಸ್ಟೂಲು ಇತ್ತು. ಒಮ್ಮೆ ಮುನವಳ್ಳಿಯ ಸಾಹುಕಾರರೊಬ್ಬರು, ಒಳ್ಳೇ ತೂಕದ ಆಸಾಮಿ, ಊರಿಗೆ ಬಿಡಲು ಕೇಳಿದರು.

"ಹಿಂದಿಂದ ಹತ್ತರಿ ಸಾಹುಕಾರ್ರ" ಎಂದರು ಕಾಕಾ.

"ಹಿಂದ ಹಿಂಡಿ ಚೀಲ ಅದಾವಲ್ಲೋ ಮಾರಾಯಾ. ಈ ಪಾವಟಗಿ ಮತ್ತ್ಯಾಕ ಐತಿ?"

"ಅದು ನಮ್ಮ ಅಕ್ಕನ ಸಲುವಾಗಿ ಐತ್ರಿ."

ಸಾಹುಕಾರರು ಮುನವಳ್ಳಿಯವರೆಗೂ ಹಿಂಡಿ ಚೀಲದ ಮೇಲೆ ಕುಳಿತೇ ಹೋದರು. ಇಳಿದ ಮೇಲೆ ನಮ್ಮ ಅಂಗಡಿಯಲ್ಲಿ ಹಿಂಡಿ ಕೊಳ್ಳುವುದನ್ನು ಬಿಟ್ಟರು. ಕಾಕಾನಿಗೆ ಅದರ ಚಿಂತೆಯೇ ಇರಲಿಲ್ಲ.

ಅಂತೂ ರಾಮದುರ್ಗಕ್ಕೆ ಹೊರಡುವ ದಿನ ಬಂತು. ಕಾಕಾ ಜಳಕ ಮಾಡಿ, ಒಗೆದ ಧೋತರ ಉಟ್ಟು, ಎರಡೂ ಪಾವಟಿಗೆಗೆ ಮೂರು ಬೆರಳಿನಿಂದ ವಿಭೂತಿ ಎಳೆದರು. ಕುಂಕುಮ ಇಟ್ಟರು, ಹೂ ಏರಿಸಿದರು, ತೆಂಗಿನಕಾಯಿ ಒಡೆದು ಊದಿನಕಡ್ಡಿ ಬೆಳಗಿದರು. ಅತ್ತೆ ಬರಲಾರೆ ಎಂದರೆ ಒಪ್ಪಿಸಲು ಜೊತೆಗೆ ನಾನು. ಸ್ಟೂಲಿನ ಮೇಲೆ ಕಾಲಿಟ್ಟು ಹತ್ತಿ ಕುಳಿತೆ. ದಾರಿಯಲ್ಲಿ ಏರು ಬಂದಾಗಲೂ ಕಾಕಾ ಸ್ಟೇರಿಂಗ್ ತಡವಲಿಲ್ಲ. ಗಾಡಿಯನ್ನು ರಮಿಸಲಿಲ್ಲ.

ರಾಮದುರ್ಗದಲ್ಲಿ ಅತ್ತೆ ಬಾಗಿಲಿಗೆ ಬಂದಳು. ನನ್ನ ಕೆನ್ನೆ ಸವರಿದಳು. ತಮ್ಮನನ್ನು ನೋಡಲಿಲ್ಲ. ನಾನು ಹದಿನೈದು ದಿನದ ಕಥೆಯನ್ನೆಲ್ಲ, ಹುಣಸೆಹುಳಿಯಿಂದ ಸಾಹುಕಾರರವರೆಗೆ, ಬಿಡದೆ ಹೇಳಿದೆ. ಆಕೆಗೆ ನಗು ತಡೆಯಲಾಗಲಿಲ್ಲ. ಒಳಗೆ ಹೋಗಿ ಗಂಟು ಕಟ್ಟಿಕೊಂಡು ಬಂದಳು. ಕಾಕಾ ಓಡಿ ಹೋಗಿ ಬಾಗಿಲು ತೆರೆದು ಹಿಡಿದರು. ಅತ್ತೆ ಕಾಲೆತ್ತಿದಳು. ಎತ್ತಿದ ಕಾಲು ಹಾಗೇ ನಿಂತಿತು. ಹಿಂದಕ್ಕೆ ಬಂತು.

"ವಿಭೂತಿ ಹಚ್ಚೀಯಲ್ಲೋ" ಎಂದಳು. "ಪೂಜಿ ಮಾಡಿದ್ದರ ಮ್ಯಾಲೆ ಹೆಂಗ ಕಾಲಿಡ್ಲಿ? ನಿನಗ ಈ ಗಾಡಿ ಇವತ್ತಿಗೂ ದೇವರನ ಐತಿ, ಅಲ್ಲ?"

ನಾನು ಸ್ಟೂಲು ತರಲು ಹೋದೆ. ಅತ್ತೆ ಬೇಡವೆಂದಳು. ಗಂಟು ಎತ್ತಿಕೊಂಡು ಮನೆಯ ಕಡೆ ತಿರುಗಿದಳು. ಹದಿನೈದು ದಿನ ಪ್ರತಿಯೊಂದನ್ನೂ ನೆನಪಿಟ್ಟಿದ್ದ ಮನುಷ್ಯನಿಗೆ ಇದೊಂದು ಹೊಳೆಯಲಿಲ್ಲವಲ್ಲ!

ಕಾಕಾ ಹಿಡಿದಿದ್ದ ಬಾಗಿಲು ಬಿಟ್ಟರು. ಬೀದಿಯ ರಾಡಿಗಿಳಿದರು. ಅಡಿಗೆ ಕಬ್ಬಿಣದ ನಾಲು ಬಡಿಸಿದ ಚಪ್ಪಲಿಯ ತುಂಬ ಕರಿಮಣ್ಣಿನ ಕೆಸರು ಮೆತ್ತಿಕೊಂಡು ಬಂದು ಆ ಪಾವಟಿಗೆ ಹತ್ತಿದರು. ವಿಭೂತಿಯ ಮೇಲೆ, ಹೂವಿನ ಮೇಲೆ, ಐದು ಸಲ ಬಳಿದ ಬಣ್ಣದ ಮೇಲೆ ಎರಡೂ ಕಾಲು ತಿಕ್ಕಿದರು. ನಾಲು ಗೀರಿ ಕರಿ ಬಣ್ಣ ಎದ್ದು ಕೆಳಗಿನ ಕೆಂಪು ಕಂಡಿತು. ಆದರೂ ಬಿಡಲಿಲ್ಲ, ಇನ್ನೂ ತಿಕ್ಕಿದರು.

"ತಗಡ ಐತಿಬೇ ಅಕ್ಕಾ. ಬರೇ ತಗಡ. ಹತ್ತಬೇ" ಎಂದರು.

ಅತ್ತೆ ತಿರುಗಿ ಬಂದಳು. "ಬಣ್ಣಾ ಎಲ್ಲಾ ಹಾಳ ಮಾಡಿದೆಲ್ಲೋ ಹುಚ್ಚಪ್ಪ" ಎಂದು ಬೈಯುತ್ತಲೇ, ಕೆಳಗಿಳಿದು ನಿಂತ ತಮ್ಮನ ಹೆಗಲ ಮೇಲೆ ಕೈಯೂರಿ ಕಾಲಿಟ್ಟಳು. ಗಾಯದ ಕಲೆಯಿದ್ದ ಕಾಲನ್ನೇ ಮೊದಲು ಇಟ್ಟಳು. ಕಾಕಾ ಪಾವಟಿಗೆಯತ್ತ ನೋಡಲೇ ಇಲ್ಲ, ಬಗ್ಗಿ ಆ ಕಲೆಯನ್ನೇ ನೋಡುತ್ತಿದ್ದರು.

"ಕಾಲ ಭಾಳ ನೋಯ್ತೇನಬೇ?" ಎಂದು ಕೇಳಿದರು.

"ನೋಯ್ತಿತ್ತಪಾ" ಎಂದಳು ಅತ್ತೆ. "ಈಗ ಇಲ್ಲ."