ಟ್ರೈಪಾಡಿಗೊಂದು ತಲೆ

ದಸರೆಯ ಪಾಡ್ಯದ ಬೆಳಿಗ್ಗೆ ಗವಿಪುರಂನ ಚಕ್ರಪಾಣಿಯ ಟ್ರೈಪಾಡಿನ ತಲೆ ಕಳಚಿ ಕೈಗೆ ಬಂತು. ಕ್ಯಾಮೆರಾ ಕೂರಿಸಿ ಬೇಕಾದತ್ತ ತಿರುಗಿಸುವ ಭಾಗ ಅದು. ಅದಿಲ್ಲದಿದ್ದರೆ ಉಳಿಯುವುದು ಬರೀ ಮೂರು ಕಾಲು.

ಬೇರೆ ದಿನವಾಗಿದ್ದರೆ ಚಿಂತೆಯಿರಲಿಲ್ಲ. ಅಂದು ಸಂಜೆ ಆರರೊಳಗೆ ಬಡಾವಣೆಯ ಗೊಂಬೆ ಸ್ಪರ್ಧೆಗೆ ಫೋಟೋ ಕಳಿಸಬೇಕಿತ್ತು. ಹೋದ ವರ್ಷ ಟ್ರೈಪಾಡ್ ಇಲ್ಲದೆ, ನಡುಗುವ ಕೈಯಲ್ಲಿ ಅವನು ತೆಗೆದ ಫೋಟೋದಲ್ಲಿ ಪಟ್ಟದ ರಾಜ ರಾಣಿ ಇಬ್ಬರಿಗೂ ನಾಲ್ಕು ನಾಲ್ಕು ಕಣ್ಣು ಬಂದು, ಬಹುಮಾನ ಪಕ್ಕದ ಮನೆ ರುದ್ರಾಣಿಯ ಪಾಲಾಗಿತ್ತು. ಹೆಂಡತಿ ಕೋಕಿಲಾ ಅದನ್ನು ಯುಗಾದಿಗೆ ಒಬ್ಬಟ್ಟು ಬಡಿಸುವಾಗಲೂ ನೆನಪಿಸಿದ್ದಳು.

“ಹೆಡ್ ಇಲ್ದೆ ಈ ಕಾಲು ಯಾವ ಕೆಲಸಕ್ಕೂ ಬರಲ್ಲ ಕಣೇ. ಹೊಸದು ತಂದ್ಬಿಡ್ತೀನಿ,” ಎಂದು ಚಕ್ರಪಾಣಿ ಕ್ಯಾಮೆರಾ ಹೆಗಲಿಗೇರಿಸಿ ಹೊರಟ.

ಗೇಟಿನಲ್ಲೇ ಎದುರುಮನೆ ಸಂಕರ್ಷಣ ಸಿಕ್ಕಿದ. ಒಮ್ಮೆ ಕಬಿನಿಗೆ ಹೋಗಿ ಆನೆಯ ಬಾಲದ ಫೋಟೋ ತೆಗೆದು ಬಂದಂದಿನಿಂದ ಅವನು ಕ್ಯಾಮೆರಾ ಪಂಡಿತ.

“ನಿನ್ನ ಮುಖ ನೋಡಿದ್ರೆ ಅಂಗಡಿಯವರು ಟೋಪಿ ಹಾಕ್ತಾರೆ. ಇರು, ನಾನೂ ಬರ್ತೀನಿ.”

ಚಾಮರಾಜಪೇಟೆಯ ಅಂಗಡಿಯಲ್ಲಿ ಮುನಿರಾಮಪ್ಪ ಎರಡು ತಲೆಗಳನ್ನು ಮೇಜಿನ ಮೇಲಿಟ್ಟ. ಒಂದು ಬಾಲ್ ಹೆಡ್. ಒಂದೇ ತಿರುಪು ಸಡಿಲಿಸಿದರೆ ಎತ್ತ ಬೇಕಾದರೂ ವಾಲುತ್ತದೆ. ಇನ್ನೊಂದಕ್ಕೆ ಮೂರು ಹಿಡಿ. ನಿಧಾನ, ಆದರೆ ಇಟ್ಟಲ್ಲೇ ಇರುತ್ತದೆ.

“ಬಾಲ್ ಹೆಡ್ಡೇ ತಗೋ. ಹುಲಿ ಹಾರಿದ್ರೆ ಟಕ್ ಅಂತ ತಿರುಗಿಸ್ಬೋದು,” ಎಂದ ಸಂಕರ್ಷಣ.

“ಸಾರ್ ಏನು ತೆಗೀತಾರೆ?” ಎಂದ ಮುನಿರಾಮಪ್ಪ.

“ಗೊಂಬೆ,” ಎಂದ ಚಕ್ರಪಾಣಿ, ಮೆಲ್ಲಗೆ.

“ಗೊಂಬೆ ಎಲ್ಲಿ ಹಾರತ್ತೆ ಸಾರ್? ಮೂರು ಹಿಡಿ ಇರೋದೇ ತಗೊಳ್ಳಿ.”

ಸಂಕರ್ಷಣನಿಗೆ ರೇಗಿತು. ಪರೀಕ್ಷೆ ಮಾಡಿಯೇ ಸಿದ್ಧ ಎಂದು ಕ್ಯಾಮೆರಾವನ್ನು ಬಾಲ್ ಹೆಡ್ ಮೇಲಿಟ್ಟು ತಿರುಪು ಸಡಿಲಿಸಿದ. ಅದು ಮುಗ್ಗರಿಸಿ ಚಕ್ರಪಾಣಿಯ ಮಡಿಲಿಗೆ ಬಿತ್ತು. ತಪ್ಪು ಕ್ಯಾಮೆರಾದ್ದೇ ಎಂದು ವಾದಿಸುತ್ತ ಸಂಕರ್ಷಣ ಕಬಿನಿಯ ಕತೆ ತೆಗೆದ. ಅಂಗಡಿ ಊಟಕ್ಕೆ ಮುಚ್ಚಿ ಮತ್ತೆ ತೆರೆದರೂ ಇಬ್ಬರೂ ಮೆಟ್ಟಿಲ ಮೇಲೇ ಇದ್ದರು, ಆನೆ ಇನ್ನೂ ಕಾಡಿನಿಂದ ಹೊರಗೆ ಬಂದಿರಲಿಲ್ಲ.

ನಾಲ್ಕೂಕಾಲಿಗೆ ಸಂಕರ್ಷಣ ಬೆಚ್ಚಿಬಿದ್ದ. “ಅಯ್ಯೋ, ಇವತ್ತು ಭಾನುವಾರ! ನಾಲ್ಕೂವರೆಗೆ ರಾಹುಕಾಲ. ಆಮೇಲೆ ಹೊಸದು ತಗೊಳ್ಳೋ ಹಾಗಿಲ್ಲ!”

ಬೆಳಿಗ್ಗೆಯಿಂದ ಆಗದ ತೀರ್ಮಾನ ಒಂದು ನಿಮಿಷದಲ್ಲಿ ಆಯಿತು. ಮೂರು ಹಿಡಿಯ ತಲೆಯನ್ನು ಎದೆಗವಚಿಕೊಂಡು ಚಕ್ರಪಾಣಿ ಟ್ರಾಫಿಕ್ ದಾಟಿ ಮನೆ ಸೇರುವಾಗ ಐದೂಮುಕ್ಕಾಲು.

ಹಾಲ್ ಜಗಜಗಿಸುತ್ತಿತ್ತು. ರೇಷ್ಮೆ ಸೀರೆ ಹೊದಿಸಿದ ಏಳು ಹಂತ, ತುದಿಯಲ್ಲಿ ಪಟ್ಟದ ಗೊಂಬೆ. ಚಕ್ರಪಾಣಿಗೆ ನಿಜವಾಗಿಯೂ ಹೆಮ್ಮೆಯಾಯಿತು.

“ಸ್ಟೂಲು, ಟೀಪಾಯಿ, ಕುರ್ಚಿ, ಟೇಬಲ್ ಎಲ್ಲಾ ಸೇರಿಸಿದ್ರೂ ಆರೇ ಹಂತ ಆಯ್ತು ರೀ. ಬೆಸ ಸಂಖ್ಯೆ ಬೇಕಲ್ಲ? ರುದ್ರಾಣಿ ಬಂದು ಒಳ್ಳೇ ಉಪಾಯ ಹೇಳಿದ್ರು!” ಎಂದು ಕೋಕಿಲಾ ಸೀರೆಯಂಚು ಎತ್ತಿ ತೋರಿಸಿದಳು. ಏಳನೇ ಹಲಗೆಯನ್ನು ಟ್ರೈಪಾಡಿನ ಮೂರು ಕಾಲು ಹೊತ್ತು ನಿಂತಿದ್ದವು.

“ಅಯ್ಯೋ, ಅದು ನಂಗೆ ಬೇಕಲ್ಲೇ!”

“ಯಾವ ಕೆಲಸಕ್ಕೂ ಬರಲ್ಲ ಅಂದ್ರಲ್ಲ ನೀವೇ? ಆರತಿ ಆಗಿದೆ. ಇನ್ನು ವಿಜಯದಶಮಿವರೆಗೂ ಅಲ್ಲಾಡಿಸೋ ಹಾಗಿಲ್ಲ.”

ಕ್ಯಾಮೆರಾ ಇಡೋಣವೆಂದರೆ ಮನೆಯಲ್ಲಿ ಒಂದು ಸ್ಟೂಲೂ ಉಳಿದಿರಲಿಲ್ಲ. ಚಕ್ರಪಾಣಿ ಹೊಸ ತಲೆಯನ್ನು ಕಂಕುಳಲ್ಲಿ ಒತ್ತಿಕೊಂಡು, ಉಸಿರು ಬಿಗಿಹಿಡಿದು, ಕೈಯಲ್ಲೇ ಫೋಟೋ ತೆಗೆದು, ಆರಕ್ಕೆ ಒಂದು ನಿಮಿಷವಿರುವಾಗ ಕಳಿಸಿದ.

ಆಮೇಲೆ ಕೋಕಿಲಾ ನೋಡಿದಳು. ರಾಜನಿಗೆ ನಾಲ್ಕು ಕಣ್ಣು, ರಾಣಿಗೆ ಆರು.

“ಇಡೀ ದಿನ ಕೂತು ಆರಿಸಿ ತಂದ್ರಲ್ಲ ರೀ,” ಎಂದಳು, “ಆ ಹೆಡ್ಡೂ ನಡುಗುತ್ತಾ?”